ದಡದಿಂದ ದಡಕ್ಕೆ: ಹಾಂಗ್‌ಕಾಂಗ್ ಓಡಾಟದ ಕೈಪಿಡಿ

ಹಾಂಗ್‌ಕಾಂಗ್‌ಗೆ ಹೊರಡುವವರು ಸಾಮಾನ್ಯವಾಗಿ ನೋಡಬೇಕಾದ ಜಾಗಗಳ ಪಟ್ಟಿಯನ್ನು ಮೊದಲು ಮಾಡಿಕೊಳ್ಳುತ್ತಾರೆ, ಅಲ್ಲಿಗೆ ಹೋಗುವುದು ಹೇಗೆಂದು ಆಮೇಲೆ ಯೋಚಿಸುತ್ತಾರೆ. ಈ ಊರಿನ ಮಟ್ಟಿಗೆ ಓಡಾಟವನ್ನೇ ಮೊದಲು ಇಟ್ಟುಕೊಳ್ಳುವುದು ಮೇಲು. ಅಲ್ಲಿನ ಜನ ದಿನವೂ ಕೆಲಸಕ್ಕೆ ಹೋಗಿಬರುವ ಫೆರಿ, ಟ್ರಾಮ್, ಡಬಲ್ ಡೆಕರ್ ಬಸ್ಸುಗಳೇ ಊರನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತವೆ. ಟಿಕೆಟ್ಟಿನ ಬೆಲೆಯೂ ಕಡಿಮೆ. ಪ್ಯಾಕೇಜ್ ಬಸ್ಸಿನಲ್ಲಿ ಕುಳಿತು ಹತ್ತು ಕಡೆ ಇಳಿದು ಫೋಟೊ ತೆಗೆದು ಬಂದವರಿಗಿಂತ, ಒಂದು ಕಾರ್ಡು ಜೇಬಿನಲ್ಲಿಟ್ಟುಕೊಂಡು ತಾವೇ ಹತ್ತಿ ಇಳಿದವರಿಗೆ ಹಾಂಗ್‌ಕಾಂಗ್ ಹೆಚ್ಚು ದಕ್ಕುತ್ತದೆ. ಹಾಗೆ ಓಡಾಡಲು ಬೇಕಾದ ಮಾಹಿತಿ ಇಲ್ಲಿದೆ.

ಮೊದಲು ನಕ್ಷೆ ಮನಸ್ಸಿನಲ್ಲಿರಲಿ

ನಡುವೆ ವಿಕ್ಟೋರಿಯಾ ಬಂದರು. ಅದರ ದಕ್ಷಿಣಕ್ಕೆ ಬೆಟ್ಟಗಳ ಹಾಂಗ್‌ಕಾಂಗ್ ದ್ವೀಪ, ಉತ್ತರಕ್ಕೆ ಕೌಲೂನ್. ಕೌಲೂನ್‌ನ ಹಿಂದೆ ಶೆನ್‌ಜೆನ್ ಗಡಿಯವರೆಗೆ ಹರಡಿರುವುದು ನ್ಯೂ ಟೆರಿಟರೀಸ್. ಪಶ್ಚಿಮಕ್ಕೆ ಲಂಟಾವ್ ಎಂಬ ದೊಡ್ಡ ದ್ವೀಪ. ವಿಮಾನ ನಿಲ್ದಾಣ ಅದರ ಪಕ್ಕದಲ್ಲೇ ಇದೆ. ಆಳವಾದ, ಬೆಟ್ಟಗಳ ಮರೆಯಿರುವ ಈ ಬಂದರಿನ ಆಸೆಗೆ ಬಂದ ಬ್ರಿಟಿಷರು 1842ರ ಒಪ್ಪಂದದಲ್ಲಿ ದ್ವೀಪವನ್ನೂ 1860ರಲ್ಲಿ ಕೌಲೂನನ್ನೂ ಪಡೆದರು. 1898ರಲ್ಲಿ ನ್ಯೂ ಟೆರಿಟರೀಸನ್ನು 99 ವರ್ಷಗಳ ಗುತ್ತಿಗೆಗೆ ತೆಗೆದುಕೊಂಡರು. ಗುತ್ತಿಗೆ ಮುಗಿದಾಗ, 1997ರ ಜುಲೈ 1ರಂದು ಎಲ್ಲವೂ ಚೀನಾಕ್ಕೆ ಮರಳಿತು.

ಒಟ್ಟು ವಿಸ್ತೀರ್ಣ ಸುಮಾರು 1,100 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರ ಜಿಲ್ಲೆಯ ಅರ್ಧದಷ್ಟು. ಜನ 75 ಲಕ್ಷ. ಅಷ್ಟರಲ್ಲೂ ಶೇಕಡ 40ರಷ್ಟು ನೆಲವನ್ನು ಕಾಡು, ಬೆಟ್ಟ, ಕಡಲತೀರಗಳ ಸಂರಕ್ಷಿತ ಉದ್ಯಾನಗಳಿಗೆ ಬಿಟ್ಟಿದ್ದಾರೆ. ಗಗನಚುಂಬಿ ಕಟ್ಟಡಗಳ ಸಾಲಿನಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಕಾಲುದಾರಿಯಲ್ಲಿರಬಹುದು. ಹೀಗಾಗಿ ಒಂದೊಂದು ದಿನವನ್ನು ಒಂದೊಂದು ದಡಕ್ಕೆ ಮೀಸಲಿಡಿ. ಬೆಳಿಗ್ಗೆ ಕೌಲೂನ್, ಮಧ್ಯಾಹ್ನ ಲಂಟಾವ್, ಸಂಜೆ ದ್ವೀಪ ಎಂದು ಹಾಕಿಕೊಂಡರೆ ದಿನವೆಲ್ಲ ಸುರಂಗದಲ್ಲೇ ಕಳೆಯುತ್ತದೆ.

ಹೊರಡುವ ಮುನ್ನ

ಭಾರತೀಯ ಪಾಸ್‌ಪೋರ್ಟ್ ಇರುವವರು ಪ್ರವಾಸಕ್ಕೆ ಹೋಗಲು ವೀಸಾ ಬದಲು ಮುಂಗಡ ನೋಂದಣಿ ಮಾಡಿಸಬೇಕು. ಈ ವ್ಯವಸ್ಥೆ 2017ರ ಜನವರಿಯಲ್ಲಿ ಜಾರಿಗೆ ಬಂತು. ಹಾಂಗ್‌ಕಾಂಗ್ ವಲಸೆ ಇಲಾಖೆಯ ತಾಣದಲ್ಲಿ ಉಚಿತವಾಗಿ ಅರ್ಜಿ ತುಂಬಬಹುದು. ಫಲಿತಾಂಶವೂ ಅಲ್ಲೇ ಕಾಣುತ್ತದೆ. ಒಪ್ಪಿಗೆ ಸಿಕ್ಕರೆ ಅದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, ಪ್ರತಿ ಸಲ 14 ದಿನಗಳವರೆಗೆ ಇರಬಹುದು. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆಗಳಲ್ಲಿ ಒಂದಕ್ಷರವೂ ತಪ್ಪದಂತೆ ತುಂಬಿ, ಒಪ್ಪಿಗೆ ಚೀಟಿಯನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಬೋರ್ಡಿಂಗ್ ಪಾಸ್ ಕೊಡುವಾಗ ನಮ್ಮ ಊರಿನಲ್ಲೇ ಅದನ್ನು ಕೇಳುತ್ತಾರೆ. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ; ಒಂದು ಸಣ್ಣ ಚೀಟಿ ಕೊಡುತ್ತಾರೆ. ಎಷ್ಟು ದಿನ ಇರಬಹುದು ಎನ್ನುವುದು ಅದರಲ್ಲೇ ಇರುವುದರಿಂದ ಅದನ್ನು ಜೋಪಾನ ಮಾಡಿ. ಗಡಿಯಾಚೆಯ ಶೆನ್‌ಜೆನ್‌ಗೆ ಹೋಗುವ ಯೋಚನೆ ಇದ್ದರೆ ಚೀನಾದ ವೀಸಾ ಬೇರೆಯೇ ಬೇಕು.

ಹವೆ ನೋಡಿಕೊಂಡು ತಿಂಗಳು ಆರಿಸಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಆಕಾಶ ತಿಳಿಯಾಗಿರುತ್ತದೆ, ನಡೆದಾಡಲು ಹಿತವಾಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಂಜು ಕವಿದು ಬೆಟ್ಟದ ಮೇಲಿನ ನೋಟ ಕಾಣದೆ ಹೋಗುವುದುಂಟು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನವರಿಗೆ ಗೊತ್ತಿರುವಂಥ ಬೆವರು, ಮಳೆ, ಜೊತೆಗೆ ಚಂಡಮಾರುತದ ಭಯ. ಅಲ್ಲಿನ ಹವಾಮಾನ ವೀಕ್ಷಣಾಲಯ ಚಂಡಮಾರುತಕ್ಕೆ 1, 3, 8, 9, 10 ಎಂಬ ಸಂಖ್ಯೆಯ ಸೂಚನೆ ಹೊರಡಿಸುತ್ತದೆ. 3 ಬಂದರೆ ಹೊರದ್ವೀಪಗಳ ಯೋಜನೆ ಮುಂದೂಡಿ. 8 ಬಂದರೆ ಕಚೇರಿ, ಅಂಗಡಿ ಮುಚ್ಚುತ್ತವೆ, ಫೆರಿ, ಟ್ರಾಮ್, ಬಸ್ಸುಗಳು ಒಂದೊಂದಾಗಿ ನಿಲ್ಲುತ್ತವೆ. ಆಗ ಹೋಟೆಲ್ ಬಿಟ್ಟು ಕದಲಬೇಡಿ. ಜೋರು ಮಳೆಗೂ ಹಳದಿ, ಕೆಂಪು, ಕಪ್ಪು ಎಂಬ ಮೂರು ಹಂತಗಳಿವೆ. ವೀಕ್ಷಣಾಲಯದ ಆ್ಯಪ್ ಫೋನಿನಲ್ಲಿದ್ದರೆ ಎಲ್ಲವೂ ತಕ್ಷಣ ತಿಳಿಯುತ್ತದೆ.

ಒಂದು ಹಾಂಗ್‌ಕಾಂಗ್ ಡಾಲರ್ ಹನ್ನೊಂದು ರೂಪಾಯಿಯ ಆಸುಪಾಸು. ಹೊರಡುವ ದಿನದ ದರ ನೋಡಿಕೊಳ್ಳಿ. ನೋಟುಗಳನ್ನು ಮೂರು ಬ್ಯಾಂಕುಗಳು ಬೇರೆ ಬೇರೆ ಚಿತ್ರಗಳಲ್ಲಿ ಅಚ್ಚು ಹಾಕುತ್ತವೆ. ಒಂದೇ ಮೌಲ್ಯದ ಎರಡು ನೋಟು ಬೇರೆ ರೂಪದಲ್ಲಿ ಕಂಡರೆ ಗಾಬರಿ ಬೇಡ, ಎರಡೂ ಅಸಲಿಯೇ. ಪ್ಲಗ್ ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಕಡ್ಡಿಯದು. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ತುರ್ತು ಕರೆಗೆ 999.

ಒಂದು ಕಾರ್ಡು, ಊರೆಲ್ಲ ಓಡಾಟ

ವಿಮಾನ ನಿಲ್ದಾಣದಲ್ಲೇ ಆಕ್ಟೋಪಸ್ ಕಾರ್ಡ್ ಕೊಂಡುಬಿಡಿ. 1997ರಿಂದ ಚಾಲ್ತಿಯಲ್ಲಿರುವ ಈ ಕಾರ್ಡು ಮೆಟ್ರೊ, ಬಸ್ಸು, ಟ್ರಾಮ್, ಫೆರಿ, ಮಿನಿಬಸ್ಸು ಎಲ್ಲಕ್ಕೂ ಆಗುತ್ತದೆ. ದಿನಸಿ ಅಂಗಡಿ, ಬೇಕರಿ, ಹಲವು ಹೋಟೆಲುಗಳಲ್ಲೂ ನಡೆಯುತ್ತದೆ. ಸಾಮಾನ್ಯ ಕಾರ್ಡಿಗೆ 50 ಡಾಲರ್ ಠೇವಣಿ. ಹಿಂದಿರುಗಿಸುವಾಗ ಉಳಿದ ಹಣದ ಜೊತೆ ಅದೂ ವಾಪಸು ಬರುತ್ತದೆ, ಸಣ್ಣ ಶುಲ್ಕ ಕಳೆದು. ಒಂದು ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. 3ರಿಂದ 11 ವರ್ಷದ ಮಕ್ಕಳಿಗೆ ರಿಯಾಯಿತಿಯ ಬೇರೆ ಕಾರ್ಡಿದೆ. ದಿನಸಿ ಅಂಗಡಿಗಳ ಕೌಂಟರಿನಲ್ಲೇ ನಗದು ಕೊಟ್ಟು ರೀಚಾರ್ಜ್ ಮಾಡಿಸಬಹುದು.

ಕಾರ್ಡು ತೋರಿಸುವ ಕ್ರಮ ವಾಹನದಿಂದ ವಾಹನಕ್ಕೆ ಬೇರೆ. ಮೆಟ್ರೊದಲ್ಲಿ ಒಳಹೋಗುವಾಗ, ಹೊರಬರುವಾಗ ಎರಡೂ ಸಲ. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಟ್ರಾಮಿನಲ್ಲಿ ಇಳಿಯುವಾಗ ಮಾತ್ರ. ಕಾರ್ಡಿಲ್ಲದವರು ಬಸ್ಸಿನಲ್ಲಿ ಸರಿಯಾದ ಚಿಲ್ಲರೆ ಹಾಕಬೇಕು. ಡ್ರೈವರ್ ಬಾಕಿ ಕೊಡುವುದಿಲ್ಲ.

ವಿಮಾನ ನಿಲ್ದಾಣದಿಂದ ಊರೊಳಗೆ

ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲು 24 ನಿಮಿಷದಲ್ಲಿ ದ್ವೀಪದ ಹಾಂಗ್‌ಕಾಂಗ್ ಸ್ಟೇಷನ್ ಮುಟ್ಟಿಸುತ್ತದೆ. ಇದು ವೇಗದ ದಾರಿ, ಆದರೆ ದುಬಾರಿ. ತೀರಾ ಅವಸರವಿಲ್ಲದಿದ್ದರೆ ಬಸ್ಸು ಹಿಡಿಯಿರಿ. ಎ21 ಕೌಲೂನ್‌ನ ನಾಥನ್ ರಸ್ತೆಯುದ್ದಕ್ಕೂ ಹೋಗುತ್ತದೆ, ಎ11 ದ್ವೀಪದ ಉತ್ತರ ತೀರದುದ್ದಕ್ಕೂ. ಟಿಕೆಟ್ ರೈಲಿನ ಮೂರನೇ ಒಂದು ಭಾಗದಷ್ಟು. ಸಾಮಾನು ಕೆಳಗಿನ ಅಟ್ಟಣೆಯಲ್ಲಿಟ್ಟು ಮೇಲಿನ ಮಹಡಿಯ ಮುಂದಿನ ಸೀಟಿನಲ್ಲಿ ಕುಳಿತರೆ, 1997ರಲ್ಲಿ ತೆರೆದ ಚಿಂಗ್ ಮಾ ತೂಗುಸೇತುವೆಯ ಮೇಲೆ ಸಾಗುವಾಗ ಕಡಲು, ಹಡಗು, ದ್ವೀಪಗಳೆಲ್ಲ ಕಾಣುತ್ತವೆ. ಈ ಸೇತುವೆಯ ನಡುವಿನ ಅಂತರ 1,377 ಮೀಟರ್. ಪ್ರವಾಸದ ಮೊದಲ ನೋಟ ಅಲ್ಲೇ ಸಿಕ್ಕಿಬಿಡುತ್ತದೆ.

ಬಸ್ಸಿನ ನಂಬರಿನಲ್ಲೂ ಮಾಹಿತಿ ಇದೆ. ‘ಎ’ ಇದ್ದರೆ ವಿಮಾನ ನಿಲ್ದಾಣದ್ದು, ‘ಎನ್’ ಇದ್ದರೆ ರಾತ್ರಿ ಬಸ್ಸು. 1, 6, 9ರಿಂದ ಶುರುವಾಗುವ ಮೂರಂಕಿಯ ಬಸ್ಸುಗಳಲ್ಲಿ ಹೆಚ್ಚಿನವು ಬಂದರಿನ ಕೆಳಗಿನ ಸುರಂಗ ದಾಟಿ ಆಚೆ ದಡಕ್ಕೆ ಹೋಗುವಂಥವು. ಅವುಗಳ ಟಿಕೆಟ್ ತುಸು ಹೆಚ್ಚು.

ಸ್ಟಾರ್ ಫೆರಿ

ಬಂದರನ್ನು ಮೆಟ್ರೊದಲ್ಲಿ ದಾಟಿದರೆ ಮೂರ್ನಾಲ್ಕು ನಿಮಿಷ, ಆದರೆ ಕಾಣುವುದು ಕತ್ತಲೆ ಮಾತ್ರ. ಸ್ಟಾರ್ ಫೆರಿಯಲ್ಲಿ ದಾಟಿದರೆ ಹತ್ತು ನಿಮಿಷದೊಳಗೆ ಎರಡೂ ದಡ ಕಾಣುತ್ತವೆ. ಇದರ ಹಿಂದೆ ಒಬ್ಬ ಭಾರತೀಯನಿದ್ದಾನೆ. ದೊರಾಬ್ಜಿ ನವರೋಜಿ ಮಿಠಾಯಿವಾಲಾ ಎಂಬ ಪಾರ್ಸಿ 1888ರಲ್ಲಿ ಶುರುಮಾಡಿದ ಕೌಲೂನ್ ಫೆರಿ ಕಂಪನಿಯೇ 1898ರಲ್ಲಿ ಸ್ಟಾರ್ ಫೆರಿ ಆಯಿತು. ಕೌಲೂನ್‌ನ ಚಿಮ್ ಶಾ ಚೋಯ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಮೋದಿ ರಸ್ತೆ ಸಿಗುತ್ತದೆ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೆ ಹಣ ಕೊಟ್ಟ ಹೊರ್ಮುಸ್‌ಜಿ ಮೋದಿ ಎಂಬ ಇನ್ನೊಬ್ಬ ಪಾರ್ಸಿಯ ಹೆಸರು ಅದಕ್ಕೆ.

ಟಿಕೆಟ್ ಕೆಲವೇ ಡಾಲರ್. ಮೇಲಿನ ಅಂತಸ್ತಿಗೆ ಒಂದು ದರ, ಕೆಳಗಿನದಕ್ಕೆ ತುಸು ಕಡಿಮೆ, ಶನಿವಾರ, ಭಾನುವಾರ ಸ್ವಲ್ಪ ಜಾಸ್ತಿ. ಮೇಲಿನಿಂದ ನೋಟ ಚೆನ್ನ; ಕೆಳಗೆ ನೀರು ಹತ್ತಿರ, ಎಂಜಿನ್ನಿನ ಸದ್ದು, ಡೀಸೆಲ್ ವಾಸನೆ. ಎರಡನ್ನೂ ಒಂದೊಂದು ಸಲ ಅನುಭವಿಸಿ. ಒಳಗೆ ಕೂರುವ ಮುನ್ನ ಮರದ ಬೆಂಚನ್ನು ಗಮನಿಸಿ. ಒರಗುವ ಹಲಗೆಯಲ್ಲಿ ನಕ್ಷತ್ರದ ಆಕಾರದಲ್ಲಿ ಸಣ್ಣ ತೂತುಗಳು. ಆ ಹಲಗೆ ಈ ಕಡೆಯಿಂದ ಆ ಕಡೆಗೆ ಮಗುಚಿಕೊಳ್ಳುತ್ತದೆ. ಈ ಫೆರಿಗೆ ಹಿಂದು ಮುಂದು ಎಂಬುದಿಲ್ಲ, ಬಂದ ಹಾಗೆಯೇ ತಿರುಗದೆ ವಾಪಸು ಹೋಗುತ್ತದೆ. ಪ್ರಯಾಣಿಕರು ಹಲಗೆ ಮಗುಚಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ. ದಡ ಹತ್ತಿರ ಬಂದಾಗ ನಾವಿಕರ ನೀಲಿ ಸಮವಸ್ತ್ರ ತೊಟ್ಟ ಸಿಬ್ಬಂದಿಯೊಬ್ಬರು ದಪ್ಪ ಹಗ್ಗ ಎಸೆಯುತ್ತಾರೆ, ಆಚೆಯವರು ಉದ್ದ ಕೊಕ್ಕೆಯಿಂದ ಅದನ್ನು ಹಿಡಿದು ಗೂಟಕ್ಕೆ ಸುತ್ತುತ್ತಾರೆ. ಆಮೇಲೆ ಕಬ್ಬಿಣದ ಹಲಗೆ ದಡಾರನೆ ಇಳಿಯುತ್ತದೆ. ಅದು ಇಳಿಯುವ ತನಕ ಎದ್ದು ನುಗ್ಗಬೇಡಿ.

ರಾತ್ರಿ 8 ಗಂಟೆಗೆ ದ್ವೀಪದ ಕಟ್ಟಡಗಳ ಮೇಲೆ ದೀಪಗಳ ಪ್ರದರ್ಶನ ನಡೆಯುತ್ತದೆ, ಹತ್ತು ನಿಮಿಷದಷ್ಟು ಹೊತ್ತು. ನೋಡಲು ಒಳ್ಳೆಯ ಜಾಗ ಕೌಲೂನ್ ದಡ. ಹಳೆಯ ರೈಲು ನಿಲ್ದಾಣದ ಪೈಕಿ ಇನ್ನೂ ಉಳಿದಿರುವ 44 ಮೀಟರ್ ಎತ್ತರದ ಗಡಿಯಾರ ಗೋಪುರದ ಹತ್ತಿರ ಏಳೂವರೆಗೇ ಹೋಗಿ ನಿಂತುಕೊಳ್ಳಿ.

ಟ್ರಾಮ್

1904ರಿಂದ ಓಡುತ್ತಿರುವ, ಈಗ ಎರಡಂತಸ್ತಿನದಾದ ಟ್ರಾಮ್ ದ್ವೀಪದ ಉತ್ತರ ಅಂಚಿನಲ್ಲಿ, ಪಶ್ಚಿಮದ ಕೆನಡಿ ಟೌನ್‌ನಿಂದ ಪೂರ್ವದ ಶಾವ್ ಕೇ ವಾನ್‌ವರೆಗೆ ಹೋಗುತ್ತದೆ. ಗಂಟೆಯ ಸದ್ದಿನಿಂದ ಅಲ್ಲಿನವರು ಅದನ್ನು ‘ಡಿಂಗ್ ಡಿಂಗ್’ ಎನ್ನುತ್ತಾರೆ. ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದರ, ಮೂರು ಡಾಲರ್‌ನ ಆಸುಪಾಸು. ಹಿಂದಿನ ಬಾಗಿಲಿನ ತಿರುಗಣೆ ಕಂಬ ತಳ್ಳಿ ಹತ್ತಿ, ಇಕ್ಕಟ್ಟಾದ ಮೆಟ್ಟಿಲೇರಿ ಮೇಲಿನ ಮುಂದಿನ ಸೀಟು ಹಿಡಿಯಿರಿ. ನಿಮ್ಮ ನಿಲ್ದಾಣಕ್ಕಿಂತ ಎರಡು ನಿಲ್ದಾಣ ಮೊದಲೇ ಕೆಳಗಿಳಿದು ಬಂದು, ಮುಂದಿನ ಬಾಗಿಲಲ್ಲಿ ಕಾರ್ಡು ತೋರಿಸಿ ಇಳಿಯಬೇಕು.

ಪೂರ್ತಿ ದಾರಿಗೆ ಒಂದೂವರೆ ಗಂಟೆಯಷ್ಟು ಹಿಡಿಯುತ್ತದೆ. ಬಿಡುವಿದ್ದರೆ ಇಡೀ ದಾರಿ ಹೋಗಿ. ಪಶ್ಚಿಮದಲ್ಲಿ ಒಣಮೀನು, ನಾರುಬೇರಿನ ಅಂಗಡಿಗಳು, ನಡುವೆ ಸೆಂಟ್ರಲ್ ಎಂಬ ಭಾಗದಲ್ಲಿ ಬ್ಯಾಂಕುಗಳ ಗಾಜಿನ ಗೋಪುರಗಳು, ಆಮೇಲೆ ವಾನ್ ಚಾಯ್‌ನ ಹಳೆಯ ಮನೆಗಳು, ಕಾಸ್‌ವೇ ಬೇಯ ಜನಜಂಗುಳಿ. ‘ನಾರ್ತ್ ಪಾಯಿಂಟ್’ ಫಲಕದ ಟ್ರಾಮ್ ಹತ್ತಿದರೆ ಕೊನೆಯಲ್ಲಿ ಚುನ್ ಯುಂಗ್ ಬೀದಿಯ ಸಂತೆಯೊಳಗೇ ಹಾದುಹೋಗುತ್ತದೆ. ಹಳಿಯ ಎರಡೂ ಬದಿಗೆ ಸೊಪ್ಪು, ಹಣ್ಣು, ಮೀನಿನ ಅಂಗಡಿಗಳು. ಗಂಟೆ ಬಾರಿಸುತ್ತ ಟ್ರಾಮ್ ನಿಧಾನಕ್ಕೆ ಬಂದಾಗ ಚೀಲ ಹಿಡಿದ ಜನ ಎರಡು ಹೆಜ್ಜೆ ಸರಿಯುತ್ತಾರೆ, ಅದು ದಾಟಿದ ಕೂಡಲೇ ಮತ್ತೆ ಹಳಿಯ ಮೇಲೆ ನಿಂತು ಚೌಕಾಸಿಗೆ ತೊಡಗುತ್ತಾರೆ. ಮೇಲೆ ಕುಳಿತವರಿಗೆ ತಕ್ಕಡಿಯ ಮುಳ್ಳೂ ಕಾಣುತ್ತದೆ.

ಸೆಂಟ್ರಲ್ ಭಾಗದಲ್ಲಿ ಟ್ರಾಮ್ ಸಾಗುವಾಗ ನೆನಪಿಡಬೇಕಾದ ಸಂಗತಿ: ಮೊದಲಿಗೆ ಕಡಲ ಅಂಚಿದ್ದದ್ದು ಟ್ರಾಮ್ ದಾರಿಗಿಂತ ಒಳಗಿರುವ ಕ್ವೀನ್ಸ್ ರಸ್ತೆಯ ಹತ್ತಿರ. ಈಗ ಅಲ್ಲಿಂದ ಫೆರಿ ಕಟ್ಟೆಗೆ ನಡೆದುಹೋಗುವಾಗ ನೀವು ತುಳಿಯುವುದೆಲ್ಲ ಕಡಲಿಗೆ ಮಣ್ಣು ತುಂಬಿ ಮಾಡಿದ ನೆಲ. ಬಂದರು ಹೀಗೆ ಕಿರಿದಾಗುತ್ತಲೇ ಹೋದದ್ದನ್ನು ಕಂಡು 1997ರಲ್ಲಿ ಅದನ್ನು ಕಾಪಾಡುವ ಕಾನೂನು ತಂದರು.

ಮೆಟ್ರೊ, ಮಿನಿಬಸ್ಸು, ಟ್ಯಾಕ್ಸಿ

1979ರಲ್ಲಿ ಶುರುವಾದ ಮೆಟ್ರೊವನ್ನು ಎಂಟಿಆರ್ ಎನ್ನುತ್ತಾರೆ. ತಿಂಡಿಗೆ ಹೆಸರಾದ ನಮ್ಮ ಎಂಟಿಆರ್‌ಗೂ ಇದಕ್ಕೂ ಸಂಬಂಧವಿಲ್ಲ. ಇದರ ಗುಟ್ಟು ಹೊರದಾರಿಯ ಅಕ್ಷರದಲ್ಲಿದೆ. ಒಂದೊಂದು ನಿಲ್ದಾಣಕ್ಕೂ ಎ, ಬಿ, ಸಿ1, ಸಿ2 ಎಂದು ಹಲವು ಬಾಗಿಲು. ಹೋಗಬೇಕಾದ ಜಾಗದ ಜೊತೆ ಬಾಗಿಲಿನ ಅಕ್ಷರವನ್ನೂ ಬರೆದುಕೊಳ್ಳಿ. ತಪ್ಪು ಬಾಗಿಲಿನಿಂದ ಹೊರಬಂದರೆ ದೊಡ್ಡ ರಸ್ತೆಯ ಆಚೆ ಬದಿಯಲ್ಲೋ ಹತ್ತು ನಿಮಿಷ ದೂರದಲ್ಲೋ ಇರುತ್ತೀರಿ. ವಯಸ್ಸಾದವರು, ಮಕ್ಕಳ ಗಾಡಿ ಇರುವವರು ಲಿಫ್ಟ್ ಇರುವ ಬಾಗಿಲನ್ನು ನಿಲ್ದಾಣದ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಬೇಕು. ಒಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ, ದಂಡ ಬೀಳುತ್ತದೆ. ಬೆಳಿಗ್ಗೆ 8ರಿಂದ ಒಂಬತ್ತೂವರೆ, ಸಂಜೆ ಐದೂವರೆಯಿಂದ 7 ಗಂಟೆ ವಿಪರೀತ ನೂಕುನುಗ್ಗಲು. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ. ಎಸಿಯ ತಂಪು ಮೈ ಕೊರೆಯುವಷ್ಟಿರುತ್ತದೆ, ಬೇಸಿಗೆಯಲ್ಲೂ ಒಂದು ಶಾಲು ಚೀಲದಲ್ಲಿರಲಿ.

ಮಿನಿಬಸ್ಸಿನಲ್ಲಿ ಹೆಚ್ಚೆಂದರೆ 19 ಸೀಟು, ನಿಂತು ಹೋಗುವಂತಿಲ್ಲ. ಹಸಿರು ಚಾವಣಿಯದಕ್ಕೆ ನಿಗದಿತ ದಾರಿ, ನಿಗದಿತ ದರ. ಕೆಂಪು ಚಾವಣಿಯದಕ್ಕೆ ಅಷ್ಟು ಕಟ್ಟುಪಾಡಿಲ್ಲ. ಇಳಿಯಬೇಕಾದಾಗ ‘ಯಾವ್ ಲೊಕ್’ ಎಂದು ಕೂಗಿ ಹೇಳಬೇಕು. ಹೊಸಬರು ಹಸಿರಿಗೆ ಸೀಮಿತವಾಗಿರುವುದು ವಾಸಿ. ಟ್ಯಾಕ್ಸಿಯಲ್ಲಿ ಮೂರು ಬಣ್ಣ: ಊರೆಲ್ಲ ಓಡುವ ಕೆಂಪು, ನ್ಯೂ ಟೆರಿಟರೀಸ್‌ನ ಹಸಿರು, ಲಂಟಾವ್‌ನ ನೀಲಿ. ಮೀಟರಿನ ಮೇಲೆ ಸುರಂಗದ ಸುಂಕ, ಸಾಮಾನಿನ ಶುಲ್ಕ ಸೇರುತ್ತದೆ. ಹೋಟೆಲಿನ ವಿಳಾಸ ಚೀನೀ ಲಿಪಿಯಲ್ಲಿ ಬರೆದಿರುವ ಕಾರ್ಡು ಇಟ್ಟುಕೊಂಡರೆ ಮಾತಿನ ತೊಡಕೇ ಇರುವುದಿಲ್ಲ.

ನಾಲ್ಕು ದಿನದ ಯೋಜನೆ

ಮೊದಲ ದಿನ ದ್ವೀಪ. ಬೆಳಿಗ್ಗೆ ಸೆಂಟ್ರಲ್‌ನಿಂದ ಬೆಟ್ಟದ ಮೇಲಿನ ಬಡಾವಣೆಗೆ ಹತ್ತಿಸುವ ಎಸ್ಕಲೇಟರುಗಳ ಸಾಲಿನತ್ತ ಹೋಗಿ. 1993ರಿಂದ ಇರುವ ಇದರ ಉದ್ದ ಸುಮಾರು 800 ಮೀಟರ್, ಏರು 135 ಮೀಟರ್. ಬೆಳಿಗ್ಗೆ 10ರವರೆಗೆ ಕೆಲಸಕ್ಕೆ ಇಳಿದುಬರುವವರಿಗಾಗಿ ಕೆಳಮುಖವಾಗಿ ಓಡುತ್ತದೆ, ಆಮೇಲೆ ನಡುರಾತ್ರಿಯವರೆಗೆ ಮೇಲ್ಮುಖವಾಗಿ. ಆದ್ದರಿಂದ 10ರ ಮೇಲೆ ಹೋದರೆ ಕಾಲಿಗೆ ಸುಖ. ಪಕ್ಕದಲ್ಲೇ ತಾಯ್ ಕ್ವುನ್: ಹಳೆಯ ಪೊಲೀಸ್ ಠಾಣೆ, ನ್ಯಾಯಾಲಯ, ಜೈಲುಗಳ ಆವರಣ ದುರಸ್ತಿಯಾಗಿ 2018ರಲ್ಲಿ ಜನರಿಗೆ ತೆರೆಯಿತು. ವಿಯೆಟ್ನಾಮಿನ ಹೋ ಚಿ ಮಿನ್ 1931ರಲ್ಲಿ ಸೆರೆಯಲ್ಲಿದ್ದದ್ದು ಇಲ್ಲೇ. ಪ್ರವೇಶ ಉಚಿತ. ಹಾಲಿವುಡ್ ರಸ್ತೆಯಲ್ಲಿ ಮುಂದೆ ಹೋದರೆ ವಿದ್ಯೆಯ ದೇವರು, ಯುದ್ಧದ ದೇವರು ಇಬ್ಬರೂ ಒಂದೇ ಗುಡಿಯಲ್ಲಿರುವ ಮಾನ್ ಮೋ ದೇವಾಲಯ. ಚಾವಣಿಯಿಂದ ತೂಗುಬಿಟ್ಟ ಸುರುಳಿ ಊದುಬತ್ತಿಗಳು ದಿನಗಟ್ಟಲೆ ಉರಿಯುತ್ತವೆ; ಕೆಳಗೆ ನಿಂತರೆ ಬೂದಿ ತಲೆಗೆ ಉದುರೀತು.

ಸಂಜೆ ವಿಕ್ಟೋರಿಯಾ ಪೀಕ್. 1888ರಿಂದ ಇರುವ ಹಗ್ಗದ ಎಳೆತದ ಪೀಕ್ ಟ್ರಾಮ್ ಕಡಿದಾದ ಏರಿನಲ್ಲಿ ಹತ್ತುತ್ತದೆ. ಹತ್ತುವಾಗ ಬಲಬದಿಯ ಸೀಟು ಒಳ್ಳೆಯದು. ಸಂಜೆ ಉದ್ದ ಸಾಲಿರುತ್ತದೆ. ಸಾಲು ಬೇಡದವರು ಸೆಂಟ್ರಲ್‌ನಿಂದ 15ನೇ ನಂಬರ್ ಬಸ್ಸಿನಲ್ಲಿ ಹೋಗಬಹುದು. ತಿರುವುಗಳಲ್ಲಿ ಒಮ್ಮೆ ಬಂದರು, ಒಮ್ಮೆ ದ್ವೀಪದ ಹಿಂಬದಿಯ ಕಡಲು ಕಾಣುತ್ತ ಬರುವ ದಾರಿ ಅದು. ಮೇಲೆ ಟಿಕೆಟ್ಟಿನ ವೀಕ್ಷಣಾ ಮಹಡಿ ಇದ್ದರೂ ಲುಗಾರ್ಡ್ ರಸ್ತೆಯ ಕಾಲುದಾರಿಯಲ್ಲಿ ಕಾಲು ಗಂಟೆ ನಡೆದರೆ ಅಷ್ಟೇ ಸೊಗಸಾದ ನೋಟ ಬಿಟ್ಟಿಯಾಗಿ ಸಿಗುತ್ತದೆ. ಆ ದಾರಿ ಬೆಟ್ಟ ಸುತ್ತಿ ಬರುವುದು ಮೂರೂವರೆ ಕಿಲೋಮೀಟರ್, ಬಹುಪಾಲು ಸಮತಟ್ಟು. ಹಿರಿಯರೂ ನಿಧಾನವಾಗಿ ನಡೆಯಬಹುದು. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಅಲ್ಲಿರಿ, ಹಗಲು ಮತ್ತು ದೀಪ ಎರಡೂ ಸಿಗುತ್ತವೆ.

ಎರಡನೇ ದಿನ ಕೌಲೂನ್. ಮೆಟ್ರೊದಲ್ಲಿ ಡೈಮಂಡ್ ಹಿಲ್‌ಗೆ ಹೋದರೆ ಚಿ ಲಿನ್ ಭಿಕ್ಷುಣಿಯರ ಮಠ, ಅದರೆದುರು ನಾನ್ ಲಿಯಾನ್ ಉದ್ಯಾನ. ಮಠದ ಮರದ ಮಂಟಪಗಳನ್ನು ಟಾಂಗ್ ರಾಜರ ಕಾಲದ ಶೈಲಿಯಲ್ಲಿ ಕಟ್ಟಿದ್ದಾರೆ. ತೊಲೆಗೆ ತೊಲೆ ಕೊರೆದು ಕೂಡಿಸಿದ್ದು, ಕಬ್ಬಿಣದ ಮೊಳೆ ಬಳಸಿಲ್ಲ. ಸೂರಿನ ಕೆಳಗೆ ನಿಂತು ಆ ಜೋಡಣೆಯನ್ನು ನೋಡಿ. ಮುಂದಿನ ನಿಲ್ದಾಣದಲ್ಲಿ ವಾಂಗ್ ತಾಯ್ ಸಿನ್ ದೇವಾಲಯ. ಭಕ್ತರು ಮಂಡಿಯೂರಿ ಬಿದಿರಿನ ಬಟ್ಟಲು ಅಲ್ಲಾಡಿಸಿ, ಹೊರಬಿದ್ದ ಕಡ್ಡಿಯ ಸಂಖ್ಯೆಯಿಂದ ಭವಿಷ್ಯ ಕೇಳುತ್ತಾರೆ. ಮಧ್ಯಾಹ್ನ ಮಾಂಗ್ ಕಾಕ್‌ನ ಹೂವಿನ ಮಾರುಕಟ್ಟೆ, ಪಕ್ಕದ ಹಕ್ಕಿಗಳ ಉದ್ಯಾನ. ಕಲೆಯ ಆಸಕ್ತಿ ಇರುವವರು ಪಶ್ಚಿಮ ಕೌಲೂನ್‌ನಲ್ಲಿ 2021ರಲ್ಲಿ ತೆರೆದ ಎಂ ಪ್ಲಸ್ ಮತ್ತು 2022ರಲ್ಲಿ ತೆರೆದ ಅರಮನೆ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಬೇಕು. ರಾತ್ರಿ ಟೆಂಪಲ್ ಸ್ಟ್ರೀಟಿನ ಸಂತೆ.

ಮೂರನೇ ದಿನ ಲಂಟಾವ್. ತುಂಗ್ ಚುಂಗ್‌ವರೆಗೆ ಮೆಟ್ರೊ, ಅಲ್ಲಿಂದ 5.7 ಕಿಲೋಮೀಟರ್ ಉದ್ದದ ಕೇಬಲ್ ಕಾರಿನಲ್ಲಿ ಸುಮಾರು 25 ನಿಮಿಷ. ಗಾಳಿ ಜೋರಾದಾಗ, ದುರಸ್ತಿಯ ದಿನಗಳಲ್ಲಿ ಅದು ನಿಲ್ಲುವುದರಿಂದ ಹೊರಡುವ ಮುನ್ನ ನೋಡಿಕೊಳ್ಳಿ. ನಿಂತಿದ್ದರೆ 23ನೇ ನಂಬರ್ ಬಸ್ಸಿದೆ. ಮೇಲೆ 34 ಮೀಟರ್ ಎತ್ತರದ ಕಂಚಿನ ಬುದ್ಧ, ಪ್ರತಿಷ್ಠಾಪನೆ 1993ರಲ್ಲಿ. ಹತ್ತಲು 268 ಮೆಟ್ಟಿಲು. ಎದುರಿನ ಪೋ ಲಿನ್ ಮಠದಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಅಲ್ಲಿಂದ 21ನೇ ನಂಬರ್ ಬಸ್ಸಿನಲ್ಲಿ ತಾಯ್ ಓ ಎಂಬ ಮೀನುಗಾರರ ಹಳ್ಳಿಗೆ ಇಳಿದರೆ, ಉಬ್ಬರವಿಳಿತದ ಕಾಲುವೆಯ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು. ಅವು ಜನ ಬಾಳುವ ಮನೆಗಳು. ಬಾಗಿಲೊಳಗೆ ಕ್ಯಾಮೆರಾ ಚಾಚಬೇಡಿ. ವಾಪಸು ಬರಲು 11ನೇ ನಂಬರ್ ಬಸ್ಸು ತುಂಗ್ ಚುಂಗ್‌ಗೆ ಹೋಗುತ್ತದೆ.

ನಾಲ್ಕನೇ ದಿನ ಕಾರುಗಳಿಲ್ಲದ ದ್ವೀಪ. ಸೆಂಟ್ರಲ್‌ನ 4ನೇ ಕಟ್ಟೆಯಿಂದ ಲಾಮಾಗೆ ಅರ್ಧ ಗಂಟೆಯ ಫೆರಿ. ಯುಂಗ್ ಶ್ಯೂ ವಾನ್‌ನಲ್ಲಿ ಇಳಿದು, ಗುಡ್ಡ, ಕಡಲತೀರ ದಾಟಿ, ಸೋಕ್ ಕ್ವು ವಾನ್‌ವರೆಗೆ ಎರಡು ಗಂಟೆ ನಡೆದು, ಅಲ್ಲಿಂದಲೇ ಫೆರಿ ಹತ್ತಿ ಮರಳಬಹುದು. 5ನೇ ಕಟ್ಟೆಯಿಂದ ಹೊರಡುವ ಫೆರಿಯಲ್ಲಿ ಚೆಯುಂಗ್ ಚಾವ್ ಇನ್ನೊಂದು ಆಯ್ಕೆ. ಚಾರಣ ಬಲ್ಲವರು ಶಾವ್ ಕೇ ವಾನ್‌ನಿಂದ 9ನೇ ನಂಬರ್ ಬಸ್ಸಿನಲ್ಲಿ ಹೋಗಿ ‘ಡ್ರ್ಯಾಗನ್ಸ್ ಬ್ಯಾಕ್’ ಬೆಟ್ಟದ ಏಣಿನ ಮೇಲೆ ನಡೆಯಲಿ; ಎರಡೂ ಬದಿಗೆ ಕಡಲು ಕಾಣುವ, ಕೊನೆಗೆ ಸಮುದ್ರತೀರಕ್ಕೆ ಇಳಿಯುವ ದಾರಿ. ನೆರಳು ಕಡಿಮೆ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕು. ಹೊರದ್ವೀಪದ ಕೊನೆಯ ಫೆರಿಯ ಸಮಯವನ್ನು ಇಳಿದ ಕೂಡಲೇ ಫಲಕದಲ್ಲಿ ನೋಡಿ ಫೋಟೊ ತೆಗೆದುಕೊಳ್ಳಿ.

ಸಸ್ಯಾಹಾರಿಗಳ ಹೊಟ್ಟೆಪಾಡು

ನಮ್ಮವರಿಗೆ ಹೆಚ್ಚು ಚಿಂತೆ ಇದರದ್ದೇ. ಸಾಮಾನ್ಯ ಚೀನೀ ಹೋಟೆಲಿನಲ್ಲಿ ‘ತರಕಾರಿ’ ಎಂದು ಕೊಟ್ಟದ್ದರಲ್ಲೂ ಮಾಂಸದ ಸಾರು, ಆಯಿಸ್ಟರ್ ಸಾಸ್, ಒಣ ಸಿಗಡಿ ಇರಬಹುದು. ಆದರೆ ಬೌದ್ಧರ ಸಸ್ಯಾಹಾರದ ಹೋಟೆಲುಗಳಿಗೇ ಹೋದರೆ ಈ ಭಯವಿಲ್ಲ. ಅಲ್ಲಿ ಮಾಂಸ, ಮೀನು ಇಲ್ಲದಿರುವುದಷ್ಟೇ ಅಲ್ಲ, ಕಟ್ಟುನಿಟ್ಟಿನ ಕಡೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಾನ್ ಲಿಯಾನ್ ಉದ್ಯಾನದೊಳಗೂ ಅಂಥ ಊಟದ ಮನೆಯಿದೆ. ಸಸ್ಯಾಹಾರಿ ಎನ್ನಲು ‘ಸಿಕ್ ಜಾಯ್’ ಎಂದರೆ ಅರ್ಥವಾಗುತ್ತದೆ. ಮಾಂಸ, ಮೀನು, ಮೊಟ್ಟೆ, ಅವುಗಳ ಸಾರು ಬೇಡ ಎಂದು ಚೀನೀ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಫೋನಿನಲ್ಲಿದ್ದರೆ ಇನ್ನೂ ಭದ್ರ.

ಅನ್ನ, ಬೇಳೆ, ರೊಟ್ಟಿ ಬೇಕೆನಿಸಿದರೆ ನಾಥನ್ ರಸ್ತೆಯ ಚುಂಗ್‌ಕಿಂಗ್ ಮ್ಯಾನ್ಷನ್ಸ್. 1961ರ ಈ 17 ಮಹಡಿಯ ಕಟ್ಟಡದಲ್ಲಿ ದಕ್ಷಿಣ ಏಷ್ಯಾದವರ, ಆಫ್ರಿಕಾದವರ ಅಂಗಡಿ, ವಸತಿ, ಊಟದ ಮನೆಗಳು ಒತ್ತೊತ್ತಾಗಿವೆ. ಬಾಗಿಲಲ್ಲಿ ಕರೆಯುವವರ ಹಿಂದೆ ಹೋಗದೆ, ಮೊದಲೇ ಗೊತ್ತುಮಾಡಿಕೊಂಡ ಮಹಡಿಗೆ ನೇರ ಹೋಗಿ. ವಾನ್ ಚಾಯ್‌ನ ಖಾಲ್ಸಾ ದಿವಾನ್ ಗುರುದ್ವಾರ 1901ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನ ಲಂಗರಿನಲ್ಲಿ ಯಾರಿಗಾದರೂ ಊಟವುಂಟು. ತಲೆಗೆ ವಸ್ತ್ರ ಹೊದ್ದು, ಕಾಲು ತೊಳೆದು, ಕೈಲಾದ ಸೇವೆ ಮಾಡಿ ಬನ್ನಿ. ಟ್ರಾಮಿನ ಕವಲು ದಾರಿ ಹೋಗುವ ಹ್ಯಾಪಿ ವ್ಯಾಲಿಯಲ್ಲಿ ಹಿಂದೂ ಮಂದಿರವೂ ಇದೆ.

ಅಲ್ಲಿನವರ ಊರಿನಲ್ಲಿ ನಾವು

ಭಾನುವಾರ ಸೆಂಟ್ರಲ್‌ಗೆ ಹೋದರೆ ಪಾದಚಾರಿ ಸೇತುವೆ, ಕಟ್ಟಡಗಳ ತಳ, ಉದ್ಯಾನಗಳಲ್ಲೆಲ್ಲ ಸಾವಿರಾರು ಹೆಂಗಸರು ರಟ್ಟು ಹಾಸಿ ಕುಳಿತಿರುತ್ತಾರೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಿಂದ ಬಂದು ಮನೆಗೆಲಸ ಮಾಡುವವರು ಅವರು. ವಾರದ ಒಂದು ರಜೆಯಲ್ಲಿ ಗೆಳತಿಯರ ಜೊತೆ ಉಣ್ಣುತ್ತ, ಊರಿಗೆ ಫೋನ್ ಮಾಡುತ್ತ, ಕೂದಲು ಕತ್ತರಿಸಿಕೊಳ್ಳುತ್ತ ಇರುತ್ತಾರೆ. ಈ ಊರಿನ ಮನೆಗಳು ನಡೆಯುವುದು ಅವರ ದುಡಿಮೆಯಿಂದ. ಅವರನ್ನು ತಮಾಷೆಯ ದೃಶ್ಯದಂತೆ ಚಿತ್ರ ತೆಗೆಯದೆ, ದಾರಿ ಬಿಟ್ಟು ನಡೆಯುವುದು ನಮ್ಮ ಮರ್ಯಾದೆ. ಸಾಲು ತಪ್ಪಿಸದಿರುವುದು, ರೈಲಿನಲ್ಲಿ ಫೋನಿನ ಸ್ಪೀಕರ್ ಹಾಕದಿರುವುದು, ಕಸ ಬಿಸಾಡದಿರುವುದನ್ನು ಅಲ್ಲಿ ಎಲ್ಲರಿಂದಲೂ ನಿರೀಕ್ಷಿಸುತ್ತಾರೆ. ಇ-ಸಿಗರೇಟ್ ಒಯ್ಯಲೇಬೇಡಿ, ಒಳಗೆ ತರುವುದೇ ಅಪರಾಧ.

ಒಂದೇ ದಿನ ಸಿಕ್ಕರೆ

ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ಒಂದು ಹಗಲು ಸಿಗುವವರೂ ಮುಂಗಡ ನೋಂದಣಿ ಮಾಡಿಸಿಕೊಂಡಿದ್ದರೆ ಹೊರಗೆ ಬರಬಹುದು. ಎ11 ಬಸ್ಸಿನಲ್ಲಿ ಸೆಂಟ್ರಲ್, ಎಸ್ಕಲೇಟರ್ ಹತ್ತಿ ತಾಯ್ ಕ್ವುನ್ ಮತ್ತು ಮಾನ್ ಮೋ, ಟ್ರಾಮಿನಲ್ಲಿ ನಾರ್ತ್ ಪಾಯಿಂಟ್ ಸಂತೆ, ಅದೇ ಟ್ರಾಮ್ ದಾರಿಯಲ್ಲಿ ಮರಳಿ ಸಂಜೆಗೆ ಸ್ಟಾರ್ ಫೆರಿ, ಕೌಲೂನ್ ದಡದಲ್ಲಿ ದೀಪಗಳು, ನಾಥನ್ ರಸ್ತೆಯಿಂದ ಎ21 ಹಿಡಿದು ವಿಮಾನ ನಿಲ್ದಾಣ. ಇಡೀ ದಿನದ ಓಡಾಟಕ್ಕೆ ನೂರು ಡಾಲರ್ ಒಳಗೇ ಸಾಕು. ಇದರ ನಡುವೆ ಬುದ್ಧನ ಬೆಟ್ಟವನ್ನೋ ಪೀಕನ್ನೋ ತುರುಕಲು ಹೋದರೆ ಯಾವುದೂ ನೆಟ್ಟಗಾಗುವುದಿಲ್ಲ. ರಾತ್ರಿಯ ವಿಮಾನವಾದರೆ ಹೊರಡುವ ನಾಲ್ಕು ಗಂಟೆ ಮೊದಲೇ ಬಸ್ಸು ಹತ್ತಿ, ನಿಲ್ದಾಣದ ಕೌಂಟರಿನಲ್ಲಿ ಕಾರ್ಡು ಹಿಂದಿರುಗಿಸಿ ಠೇವಣಿ ಪಡೆಯಿರಿ. ಮತ್ತೆ ಬರುವ ಮನಸ್ಸಿದ್ದರೆ ಕಾರ್ಡನ್ನು ಇಟ್ಟುಕೊಳ್ಳಿ. ಮುಂದಿನ ಸಲವೂ ಅದನ್ನು ಬಳಸಬಹುದು.